ವಾರಂಟಿ ಮುಗಿದ ಮಂಚ: ಬಳಕೆದಾರರ ಕೈಪಿಡಿ

ನಮ್ಮ ಸ್ಟೋರೇಜ್ ಮಂಚ ಕೊಂಡಿದ್ದಕ್ಕೆ ಅಭಿನಂದನೆಗಳು. ಇದರ ವಾರಂಟಿ ಒಂದು ವರ್ಷ, ಆಯುಸ್ಸು ಒಂದು ವರ್ಷ ಹನ್ನೊಂದು ದಿನ. ಹನ್ನೆರಡನೇ ರಾತ್ರಿ ‘ಪಟ್’ ಎಂದು ಸದ್ದಾದರೆ ಗಾಬರಿ ಬೇಡ. ಉತ್ಪನ್ನ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ.

ಎಚ್ಚರಿಕೆ

ಎರಡು ಮೊಳೆ ಹೊಡೆದರೆ ಆಯ್ತು ಎನ್ನುವವರು (ಸಾಮಾನ್ಯವಾಗಿ ಮಾವನವರು) ಪ್ರತಿ ಮನೆಯಲ್ಲೂ ಇರುತ್ತಾರೆ. ಸುತ್ತಿಗೆ ಬಚ್ಚಿಡಿ. ‘ಗ್ರಾಹಕರೇ ಹಾಳು ಮಾಡಿಕೊಂಡಿದ್ದಾರೆ’ ಎಂಬ ವಾದಕ್ಕೆ ನಾಳೆ ಆ ಮೊಳೆಗಳೇ ಸಾಕ್ಷಿ.

ತಪಾಸಣೆ

ಹಾಸಿಗೆ ಎತ್ತಿ, ಟಾರ್ಚ್ ಹಾಕಿ ನೋಡಿ. ಪಕ್ಕದ ಹಲಗೆಗೆ ಕಬ್ಬಿಣದ ಪಟ್ಟಿ ಸೇರುವ ಕಡೆ ಸ್ಕ್ರೂ ಕಿತ್ತು ಬಂದಿರುತ್ತದೆ. ಅದರ ಸುರುಳಿಗಳಲ್ಲಿ ಗೋಧಿ ರವೆಯಂಥ ಪುಡಿ ಸಿಕ್ಕಿಕೊಂಡಿದ್ದರೆ ಅದು ತೇಗವೂ ಅಲ್ಲ, ಪ್ಲೈವುಡ್ಡೂ ಅಲ್ಲ. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡು. ಮೇಲೆ ಮರದ ಗೆರೆ ಮುದ್ರಿಸಿದ ಕಾಗದ. ಒಮ್ಮೆ ಕಿತ್ತ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರುವುದು ಕಷ್ಟ. ಕೆಳಗಿನ ಅಂಚು ನೆಲ ಒರೆಸಿದ ನೀರು ಕುಡಿದು ಊದಿಕೊಂಡಿರಲೂಬಹುದು. ಎಲ್ಲದರ ಫೋಟೋ ತೆಗೆಯಿರಿ, ಪುಡಿಯನ್ನು ಕವರಿನಲ್ಲಿ ಹಾಕಿಡಿ. ಪಾರ್ಟಿಕಲ್ ಬೋರ್ಡು ಮಾರುವುದು ತಪ್ಪಲ್ಲ. ಅದನ್ನು ‘ಗಟ್ಟಿ ಮರ’ ಎಂದು ಮಾರುವುದು ತಪ್ಪು. ಹಾಗೆ ಬರೆದ ಜಾಹೀರಾತಿದ್ದರೆ ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಬಿಲ್ಲು ಬೀರುವಿನಲ್ಲಿ ಭದ್ರವಾಗಿರುತ್ತದೆ, ಅಕ್ಷರಗಳು ಇರುವುದಿಲ್ಲ. ಥರ್ಮಲ್ ಕಾಗದದ ಗುಣವೇ ಅದು. ದುಡ್ಡು ಕಟ್ಟಿದ ಬ್ಯಾಂಕ್ ವಿವರ ಹುಡುಕಿ, ಅಂಗಡಿಯಲ್ಲಿ ಇನ್ನೊಂದು ಪ್ರತಿ ಕೇಳಿ.

ಜೋಡಣೆ

ಷೋರೂಮಿಗೆ ಫೋನ್ ಮಾಡಿದರೆ “ಸಾರ್, ವಾರಂಟಿ ಮುಗಿದೋಯ್ತಲ್ಲಾ” ಎಂಬ ದನಿ ಕೇಳಿಸುತ್ತದೆ. ಆ ದನಿಯಲ್ಲಿರುವ ಮರುಕ ಅಪ್ಪಟ, ಮಂಚದ ಮರದ ಹಾಗಲ್ಲ. ನೀವು ಹೇಳಬೇಕಾದ್ದು ಇಷ್ಟೇ: “ಮುರಿದದ್ದು ಈಗ, ದೋಷ ಇದ್ದದ್ದು ಮೊದಲ ದಿನದಿಂದ.”

ವಾರಂಟಿ ಅನ್ನುವುದು ಕಂಪನಿ ತಾನಾಗಿ ಕೊಟ್ಟ ಮಾತು. ಸರಕು ಕೊಂಡ ಉದ್ದೇಶಕ್ಕೆ ತಕ್ಕಂತಿರಬೇಕು ಎಂಬ ಷರತ್ತು 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ಕಾರ್ಡಿನ ತಾರೀಖು ಮುಗಿದ ಮಾತ್ರಕ್ಕೆ ಹುಟ್ಟುದೋಷ ಮಾಫಿಯಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ವ್ಯಾಜ್ಯಕ್ಕೆ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು. ಆ ದಿನ ಯಾವುದು ಎಂದೇ ಅಂಗಡಿಯವರು ಜಗಳ ತೆಗೆಯಬಹುದು, ಆದ್ದರಿಂದ ತಡ ಮಾಡಬೇಡಿ. ದೋಷವನ್ನು ತೋರಿಸಿಕೊಡುವ ಹೊಣೆ ನಿಮ್ಮದು. ಅನುಭವಸ್ಥ ಬಡಗಿಯನ್ನು ಕರೆಸಿ, ಏಕೆ ಮುರಿಯಿತು ಎಂದು ಬರೆಸಿ, ಸಹಿ ಹಾಕಿಸಿಕೊಳ್ಳಿ. ಮಕ್ಕಳು ಮಂಚದ ಮೇಲೆ ಕುಣಿದಿದ್ದರೆ ಮಾತ್ರ ಈ ಕೈಪಿಡಿ ಇಲ್ಲಿಗೇ ಮುಚ್ಚಿ.

ಮೊದಲು ಇಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಾಡು ಕೇಳುತ್ತಾ ಕಾದರೂ ಅದು ದಂಡವಲ್ಲ, ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಅಂಗಡಿ ಯಾವ ಊರಿನದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಎದುರು ಪಕ್ಷಕ್ಕೆ ನೋಟಿಸು ತಲುಪಿದ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ, ಆದಷ್ಟೂ ತೀರ್ಮಾನವಾಗಬೇಕು ಎನ್ನುತ್ತದೆ ಕಾಯ್ದೆ. ಈ ‘ಆದಷ್ಟೂ’ ಎಂಬ ಭಾಗದ ಮೇಲೆ ಹೆಚ್ಚು ಭಾರ ಹಾಕಬೇಡಿ.

ದೋಷ ಪರಿಹಾರ

ನೋಟಿಸು ತಲುಪಿದ ಮೇಲೆ ಷೋರೂಮಿನಿಂದಲೇ ಫೋನ್ ಬರಬಹುದು: “ಹಳೇದು ಕೊಡಿ ಸಾರ್, ಹೊಸದಕ್ಕೆ ಡಿಸ್ಕೌಂಟ್ ಮಾಡಿಕೊಡ್ತೀವಿ.” ಅದು ಪರಿಹಾರವಲ್ಲ, ಇನ್ನೊಂದು ವ್ಯಾಪಾರ. ಬದಲಿ ಮಂಚವನ್ನೇ ಕೊಡುತ್ತೇವೆಂದರೆ ಒಪ್ಪಿ, ಆದರೆ ಬರಹದಲ್ಲಿ ಪಡೆಯಿರಿ. ಹೊಸ ಮಂಚ ಬಂದಾಗ ಹಲಗೆಗಿಂತ ಮುಂಚೆ ವಾರಂಟಿ ಕಾರ್ಡು ನೋಡಿ. ಅದರಲ್ಲಿ ಹಳೇ ಮಂಚದ ತಾರೀಖೇ ಇದ್ದರೆ, ಲಾರಿ ತಿರುಗಿಸುವ ಮುಂಚೆ ತಿದ್ದಿಸಿಕೊಳ್ಳಿ.