ದಂತಾಂತರಾಳ ಮೀಮಾಂಸೆ: ಶಹಾಪುರವನ್ನು ಆಧರಿಸಿದ ಒಂದು ಅಧ್ಯಯನ

ಹಲ್ಲುಸಂದಿಯ ಅಧ್ಯಯನಕ್ಕೆ ಬೆಳಗಾವಿಯ ಶಹಾಪುರವನ್ನೇ ಏಕೆ ಆರಿಸಿಕೊಳ್ಳಬೇಕು ಎಂಬುದು ಮೊದಲ ಶಂಕೆ. ಸಮಾಧಾನ ಹೀಗೆ: ಆಚೆ ಬ್ರಿಟಿಷರ ಬೆಳಗಾವಿ, ಅವರ ಕ್ಯಾಂಪು, ಅವರ ಕಚೇರಿ. ಅದಕ್ಕೇ ಅಂಟಿಕೊಂಡು ಈಚೆ ಶಹಾಪುರ, ಪಟವರ್ಧನರ ಸಾಂಗ್ಲಿ ಸಂಸ್ಥಾನದ್ದು. ದೊಡ್ಡವರ ನಡುವೆ ಸಿಕ್ಕಿಕೊಂಡ ತುಣುಕಿನ ಮನೋಧರ್ಮ ಈ ಪೇಟೆಗೆ ಅನುಭವದಿಂದಲೇ ಗೊತ್ತು. 1948ರಲ್ಲಿ ಸಂಸ್ಥಾನ ವಿಲೀನವಾದಾಗಲೇ ಅದು ಬಿಡಿಸಿಕೊಂಡದ್ದು. ಇಷ್ಟು ಅರ್ಹತೆ ಬೇರೆ ಯಾವ ಊರಿಗಿದೆ?

ಇನ್ನು ವಿಷಯ ವ್ಯಾಖ್ಯೆ. ವಯಸ್ಕರ ಬಾಯಲ್ಲಿ ಹಲ್ಲು 32; ಸಂದಿ ಮೇಲೆ 15, ಕೆಳಗೆ 15, ಒಟ್ಟು 30. ಪ್ರತಿ ದವಡೆಹಲ್ಲಿಗೆ ಐದು ಮುಖ. ಬ್ರಷ್ಷು ತಲುಪುವುದು ಮೂರಕ್ಕೆ ಮಾತ್ರ. ನೆರೆಹಲ್ಲಿಗೆ ತಾಗಿದ ಎರಡು ಮುಖಗಳು ಅದಕ್ಕೆ ದಕ್ಕುವುದಿಲ್ಲ. ಸಂದಿಯು ಯಾವ ಹಲ್ಲಿನ ಹದ್ದಿಗೆ ಸೇರಿದ್ದು ಎಂಬ ಉಪಪ್ರಶ್ನೆಯನ್ನು ಬೆಳಗಾವಿಯಲ್ಲಿ ಕುಳಿತು ಎತ್ತುವುದು ಕ್ಷೇಮವಲ್ಲ. ಗಡಿವಿವಾದದ ಬಗ್ಗೆ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು; ವಾದ ಇನ್ನೂ ನಡೆದಿದೆ. ಆದ್ದರಿಂದ ಸಂದಿಯನ್ನು ಎರಡೂ ಹಲ್ಲಿನ ಜಂಟಿ ಆಸ್ತಿ ಎಂದು ಭಾವಿಸಿ ಮುಂದುವರಿಯೋಣ.

ಸಿಕ್ಕಿಕೊಳ್ಳುವ ಪದಾರ್ಥಗಳಲ್ಲಿ ಜಾತಿಭೇದವಿದೆ. ಬೆಳಗಾವಿಯ ಕುಂದಾ ಎಷ್ಟು ತಿಂದರೂ ಸಂದಿಯಲ್ಲಿ ಸಾಕ್ಷ್ಯ ಉಳಿಸದು. ಶಾಸ್ತ್ರದ ದೃಷ್ಟಿಯಿಂದ ಅದು ನಿಷ್ಪ್ರಯೋಜಕ ಸಿಹಿ. ಗೋಕಾಕದ ಕರದಂಟು ಅಂಟಿನ ವರ್ಗದ್ದು. ಕಡ್ಡಿಗೆ ಜಗ್ಗುವುದಿಲ್ಲ, ತಾನಾಗಿ ಕರಗುವವರೆಗೆ ಬಾಡಿಗೆ ಕೊಡದೆ ಕೂತಿರುತ್ತದೆ. ಶೇಂಗಾ ಚೂರು ಸಂಚಾರಿ. ಇಲ್ಲಿ ಹುಡುಕಿದರೆ ಅಲ್ಲಿರುತ್ತದೆ. ಹಕ್ಕರಿಕೆ ಪಲ್ಲೆಯ ಎಲೆ ಮುಂದಿನ ಹಲ್ಲಿಗೇ ಬಂದು ಕೂರುವ ಪ್ರದರ್ಶನಪ್ರಿಯ: ಧರಿಸಿದವರಿಗೆ ಕಾಣದು, ಎದುರಿಗಿದ್ದವರಿಗೆ ಬೇರೇನೂ ಕಾಣದು. ಚುರಮರಿಯೊಳಗಿನ ಪುಟಾಣಿಯ ಸಿಪ್ಪೆ ವಸಡಿನ ಅಂಚಿನಲ್ಲಿ ಅಡಗುತ್ತದೆ. ತಿಂದದ್ದು ಸಂಜೆ, ನೋವು ಮರುದಿನ. ಇವೆಲ್ಲಕ್ಕಿಂತ ಉತ್ತಮ ಜಾತಿಯವು ನಾರುಗಳು: ಮಾವು, ಕಬ್ಬು, ಮಟನ್ನಿನ ಎಳೆ, ಖಾನಾಪುರದ ಕಡೆಯ ಗೇರುಹಣ್ಣು. ಒಂದು ತುದಿ ಹಿಡಿದು ಎಳೆದರೆ ಅರ್ಧ ಬರುತ್ತದೆ. ಉಳಿದರ್ಧ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ.

ಪೂರ್ವಸೂರಿಗಳು ಇದಕ್ಕೆ ಏನು ಹೇಳಿದ್ದಾರೆ? ದಂತಕಾಷ್ಠವು ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕೆಂಬುದು ಸುಶ್ರುತನ ಮತ. ಹಲ್ಲಿನ ಮೈ ತಿಕ್ಕಲು ಇದು ಸರಿ. ಆದರೆ ಕಿರುಬೆರಳು ಹೋಗುವಷ್ಟು ಸಂದಿ ಇದ್ದರೆ ಅಲ್ಲೊಂದು ಹಲ್ಲು ಬಿದ್ದುಹೋಗಿದೆ ಎಂದೇ ಅರ್ಥ.

ಹೀಗಾಗಿ ಪ್ರಜೆಗಳು ತಮ್ಮ ದಾರಿ ತಾವು ನೋಡಿಕೊಂಡರು. ಮೊದಲ ಸಾಧನ ನಾಲಿಗೆ, ಆಮೇಲೆ ಉಗುರು, ಆಮೇಲೆ ಕಸಬರಿಗೆ ಕಡ್ಡಿ, ಕಡ್ಡಿಪೆಟ್ಟಿಗೆಯ ಕಡ್ಡಿ. ಬಸ್ಸಿನಲ್ಲಿದ್ದರೆ ಮಡಿಸಿದ ಟಿಕೆಟ್ಟು. ಇದರಲ್ಲಿ ಮಾತ್ರ ತಂತ್ರಜ್ಞಾನ ಹಿಂದಕ್ಕೆ ನಡೆದಿದೆ. ಹಳೆಯ ಅಚ್ಚಿನ ಟಿಕೆಟ್ಟಿಗೆ ಮೂಲೆ ಎಂಬುದೊಂದಿತ್ತು. ಈಗಿನ ಯಂತ್ರದ ಟಿಕೆಟ್ಟು ಬಾಯಿಗೆ ಹೋಗುತ್ತಲೇ ಮುದ್ದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಶೂನ್ಯ ದರದ ಟಿಕೆಟ್ಟು ಸಿಗುತ್ತಿದೆ. ಖಾನಾಪುರದಿಂದ ಬೆಳಗಾವಿಗೆ ಬರುವಷ್ಟರಲ್ಲಿ ಅವರಿಗೆ ಪ್ರಯಾಣದ ಜೊತೆ ದಂತಸಾಧನವೂ ಪುಕ್ಕಟೆ, ಗುಣಮಟ್ಟದ ಭರವಸೆ ಇಲ್ಲ. ಆದರೆ ಅವರಿಗೆ ಅದರ ಅಗತ್ಯವೇನಿದೆ? ಬಳೆಗೆ ಸಿಕ್ಕಿಸಿದ ಪಿನ್ನಿದೆಯಲ್ಲ! ಮನೆಮಂದಿಯೆಲ್ಲ ಸರದಿಯಲ್ಲಿ ಬಳಸುವ ಈ ಪಿನ್ನು ಬಿಡಿಸುವ ತುಣುಕಿಗಿಂತ ಚುಚ್ಚುವ ವಸಡು ಹೆಚ್ಚು. ಸಿರಾಕ್ಯೂಸಿನ ದೊರೆ ಅಗಾಥೊಕ್ಲೀಸ್ ವಿಷ ಸವರಿದ ಹಲ್ಲುಕಡ್ಡಿಯಿಂದ ಸತ್ತನೆಂದು ಗ್ರೀಕ್ ಇತಿಹಾಸಕಾರ ಡಯೊಡೋರಸ್ ಬರೆದಿದ್ದಾನೆ. ತುಕ್ಕು ಹಿಡಿದ ಪಿನ್ನು ಅವನ ಕಾಲದಲ್ಲಿರಲಿಲ್ಲ.

ಖಾನಾವಳಿಯ ಗಲ್ಲಾದ ಮೇಲೆ ಲೋಟದಲ್ಲಿ ಇಟ್ಟಿರುವ ಬಿದಿರಿನ ಕಡ್ಡಿ ನಾಗರಿಕತೆಯ ಮುಂದಿನ ಹಂತ. ಖಾನಾಪುರದ ಕಾಡಿನಲ್ಲಿ ಬಿದಿರಿಗೆ ಬರವಿಲ್ಲ. 1927ರ ಅರಣ್ಯ ಕಾಯ್ದೆಯ ಪ್ರಕಾರ ಬಿದಿರು ಮರವಾಗಿತ್ತು. 2017ರ ತಿದ್ದುಪಡಿಯಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರು ಮರದ ಪಟ್ಟಿಯಿಂದ ಬಿಟ್ಟುಹೋಯಿತು. ಅಂದರೆ 2017ಕ್ಕಿಂತ ಮೊದಲು ಹೊಲದ ಬಿದಿರಿನ ಕಡ್ಡಿಯಿಂದ ಹಲ್ಲು ಕೆದಕಿದವರು ಕಾನೂನಿನ ದೃಷ್ಟಿಯಲ್ಲಿ ಮರವನ್ನೇ ಬಾಯಲ್ಲಿ ಇಟ್ಟುಕೊಂಡಿದ್ದರು. ಇರಲಿ. ಕಡ್ಡಿಯ ನಿಜವಾದ ದೋಷ ಆಕಾರದ್ದು: ವಸಡು ಸಂದಿಯಲ್ಲಿ ಮುಕ್ಕೋನವಾಗಿ ಏರುತ್ತದೆ, ಕಡ್ಡಿ ಮಾತ್ರ ಗುಂಡಗೆ. ಗುಂಡನೆಯದನ್ನು ಮುಕ್ಕೋನಕ್ಕೆ ತುರುಕಿದರೆ ಏನಾದರೂ ಮುರಿಯಲೇಬೇಕು. ಸಾಮಾನ್ಯವಾಗಿ ಕಡ್ಡಿ ಮುರಿಯುತ್ತದೆ. ಆ ಗಳಿಗೆಯ ಸಂವಾದವೊಂದನ್ನು ಕ್ಷೇತ್ರಕಾರ್ಯದ ಪುರಾವೆಯಾಗಿ ಕೊಡುತ್ತೇನೆ:

“ಮಾಲಕ್ರ, ಇನ್ನೊಂದ ಕಡ್ಡಿ ಕೊಡ್ರಿ, ಇದು ಒಳಗ ಮುರೀತು.”

“ಮೊದಲಿಂದು ತಗದ್ರೇನ್ರಿ?”

“ಅದನ್ನ ತಗ್ಯಾಕ ಕೇಳಾಕತ್ತೇನ್ರಿ.”

ಈಗ ಸಿದ್ಧಾಂತ. ನ್ಯೂ ಆರ್ಲಿಯನ್ಸಿನ ದಂತವೈದ್ಯ ಲೀವೈ ಸ್ಪಿಯರ್ ಪಾರ್ಮ್ಲಿ 1815ರ ಸುಮಾರಿಗೆ ಹಲ್ಲುಸಂದಿಗೆ ರೇಷ್ಮೆ ಎಳೆಯೇ ಮದ್ದು ಎಂದ. ಶಹಾಪುರದ ನೇಕಾರರು ಆಗಲೇ ಮಗ್ಗದ ಮುಂದೆ ಕೂತಿದ್ದರು. ಯಾರೂ ಅವರಿಗೆ ಹೇಳಲಿಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ರೇಷ್ಮೆಯ ಜಾಗಕ್ಕೆ ನೈಲಾನ್ ಬಂತು. ಶಹಾಪುರ, ವಡಗಾವಿ, ಖಾಸಬಾಗಿನ ಮಗ್ಗಗಳೂ ವಿದ್ಯುತ್ತಿಗೆ, ಕೃತಕ ನೂಲಿಗೆ ತಿರುಗಿದವು. ಸೀರೆ ಮತ್ತು ಹಲ್ಲುದಾರ ಒಂದೇ ದಾರಿ ಹಿಡಿದರೂ ಎಲ್ಲಿಯೂ ಪರಸ್ಪರ ಭೇಟಿಯಾಗಲಿಲ್ಲ ಎಂಬುದು ಕೈಗಾರಿಕಾ ಇತಿಹಾಸದ ದೊಡ್ಡ ದುರಂತ. ಲೆಕ್ಕ ನೋಡಿ: ಒಂದು ಸಲಕ್ಕೆ ಬೇಕಾದ ದಾರ ಸುಮಾರು 45 ಸೆಂಟಿಮೀಟರು. ಐದೂವರೆ ಮೀಟರಿನ ಸೀರೆಯ ಹಾಸಿನ ಒಂದೇ ಎಳೆ 12 ದಿನಕ್ಕಾಯಿತು. ಹಾಸಿನಲ್ಲಿ ಮೂರೇ ಸಾವಿರ ಎಳೆ ಎಂದು ಹಿಡಿದರೂ 36,000 ದಿನ, ಅಂದರೆ 98 ವರ್ಷಕ್ಕೆ ಮಿಕ್ಕಿ. ಮದುವೆಯಲ್ಲಿ ಕೊಟ್ಟ ಒಂದೇ ಸೀರೆ ಆಯುಷ್ಯಪೂರ್ತಿ ಸಾಕು. ಹೊಕ್ಕು ಉಳಿತಾಯ.

ಸರಾಫ್ ಗಲ್ಲಿಯ ಅಕ್ಕಸಾಲಿಗರು ತಮ್ಮನ್ನು ಮರೆತರೆಂದು ಮುನಿಸಿಕೊಳ್ಳಬಾರದು. ತಂತಿಗೆ ಕೂದಲು ಪೋಣಿಸಿದ ಸಂದಿ ಬ್ರಷ್ಷಿನ ಅಳತೆಯನ್ನು ಐಎಸ್ಒ 16409 ಎಂಬ ಅಂತರರಾಷ್ಟ್ರೀಯ ಮಾನದಂಡ ನಿಗದಿ ಮಾಡುತ್ತದೆ: ಬ್ರಷ್ಷು ಬಾಗದೆ ತೂರುವ ಅತಿ ಸಣ್ಣ ತೂತಿನ ವ್ಯಾಸವೇ ಅದರ ಅಳತೆಗೆ ಆಧಾರ. ಚಿನ್ನದ ತಂತಿಯನ್ನು ತೂತಿನಿಂದ ತೂತಿಗೆ ಸಣ್ಣ ಮಾಡುತ್ತ ಎಳೆಯುವ ಅಕ್ಕಸಾಲಿಗನಿಗೆ ಈ ಜ್ಞಾನ ಕೊಡಲು ಐಎಸ್ಒ ಕಚೇರಿಯಿರುವ ಜಿನೀವಾದಿಂದ ಕಾಗದ ಬರಬೇಕಾಗಿರಲಿಲ್ಲ.

ಇಲ್ಲಿ ಪೂರ್ವಪಕ್ಷದವರು ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯನ್ನು ಮುಂದೊಡ್ಡುತ್ತಾರೆ. 35 ಪ್ರಯೋಗಗಳನ್ನು ಜರಡಿ ಹಿಡಿದ ಆ ಪಂಡಿತರ ನಿರ್ಣಯವಿಷ್ಟೇ: ಬರೀ ಬ್ರಷ್ಷಿಗಿಂತ ದಾರವನ್ನೋ ಸಂದಿ ಬ್ರಷ್ಷನ್ನೋ ಜೊತೆಗೂಡಿಸಿದರೆ ವಸಡಿನ ಊತ ಕಡಿಮೆಯಾಗಬಹುದು, ದಾರಕ್ಕಿಂತ ಸಂದಿ ಬ್ರಷ್ಷು ಒಂದು ಕೈ ಮೇಲಿರಬಹುದು, ಆದರೆ ಪುರಾವೆಯ ಬಲ ಕಡಿಮೆ. ಈ ‘ಬಹುದು’ಗಳನ್ನು ನಾನು ಗೌರವಿಸುತ್ತೇನೆ. ಆದರೆ ಮೂಲ ತೊಡಕು ಅವರ ಕಣ್ಣಿಗೆ ಬಿದ್ದಿಲ್ಲ. ತುಣುಕು ಸಿಕ್ಕಿಕೊಳ್ಳುವುದು ಖಾನಾವಳಿಯಲ್ಲಿ, ಬೀಗರ ಪಂಕ್ತಿಯಲ್ಲಿ, ಎತ್ತರದ ದನಿಯಲ್ಲಿ ಮಾತಾಡುವ ಸಭೆಯಲ್ಲಿ. ದಾರದ ಡಬ್ಬಿ ಇರುವುದು ಮನೆಯ ಬಚ್ಚಲಿನಲ್ಲಿ. ಎಂಥ ಉತ್ತಮ ಸಾಧನವನ್ನು ರೂಪಿಸಿದರೂ ಅದು ಪಿನ್ನಿನಷ್ಟು ಹತ್ತಿರ ಇಲ್ಲದಿದ್ದರೆ ಪಿನ್ನೇ ಗೆಲ್ಲುತ್ತದೆ. ಜೊತೆಗೆ ಒಂದು ಕೈ ಬಾಯಿ ಮುಚ್ಚಲು ಮೀಸಲು. ದಾರವೋ ಎರಡೂ ಕೈ ಕೇಳುತ್ತದೆ. ಆದ್ದರಿಂದ ಲಕ್ಷಣ ಹೇಳುತ್ತೇನೆ, ವಿನ್ಯಾಸಕಾರರು ಬರೆದುಕೊಳ್ಳಲಿ: ಒಂದೇ ಕೈಯಲ್ಲಿ ನಡೆಯಬೇಕು, ಮುಕ್ಕೋನವಿರಬೇಕು, ಚುಚ್ಚಬಾರದು, ಅಂಗಿಯ ಜೇಬಿನಲ್ಲಿ ಪೆನ್ನಿನಂತೆ ಕಾಣಬೇಕು, ಮತ್ತು ಎರವಲು ಕೇಳಲು ಯಾರಿಗೂ ಮನಸ್ಸಾಗಬಾರದು.

ಅಂಥದ್ದು ಸಿದ್ಧವಾಗುವವರೆಗೆ ವಾಚಕರಲ್ಲಿ ವಿನಂತಿ: ಊಟವಾದ ಮೇಲೆ ನೀರು ಮುಕ್ಕಳಿಸಿ, ರಾತ್ರಿ ಮಲಗುವ ಮುಂಚೆ ದಾರ ಹಾಕಿ, ಪಿನ್ನನ್ನು ಬಳೆಗೇ ಬಿಡಿ. ವಸಡಿನಿಂದ ಪದೇ ಪದೇ ರಕ್ತ ಬಂದರೆ ಇಂಥ ಪ್ರಬಂಧ ಓದುತ್ತ ಕೂರಬೇಡಿ. ಬೆಳಗಾವಿಯಲ್ಲಿ ದಂತವೈದ್ಯಕೀಯ ಕಾಲೇಜುಗಳು ಎರಡಿವೆ.