ಬಾಗವಾಲೆ ಕಾಕಾ

ಮನೆಗೆ ಬಂದವರಿಗೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುವುದು ನಮ್ಮ ಕಡೆಯ ರೂಢಿ. ಗಿಡಗಳಿಗೆ ಮೊದಲು ನೀರುಣಿಸಿ, ಆಮೇಲೆ ಬಂದವರ ಮುಖ ನೋಡುವವರದೂ ಒಂದು ಪಂಗಡವಿದೆ. ಯಾವ ಊರಿನ ಯಾವ ಕಾಲೊನಿಗೆ ಹೋದರೂ ಇಂಥವರು ಒಬ್ಬರಾದರೂ ಸಿಗುತ್ತಾರೆ. ಬಾರಾಮತಿಯಲ್ಲಿ ನನ್ನ ಪಾಲಿಗೆ ಬಂದವರು ಪಕ್ಕದ ಮನೆಯವರೇ. ಮೂಲತಃ ಇಂಡಿ ತಾಲೂಕಿನವರು. ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ನಿವೃತ್ತರಾದರು. ಓಣಿಯ ಮರಾಠಿ ಮಕ್ಕಳು ಅವರನ್ನು ‘ಬಾಗವಾಲೆ ಕಾಕಾ’ ಎಂದು ಕರೆಯುತ್ತಾರೆ. ಬಾಗ ಎಂದರೆ ತೋಟ; ಇವರದು ಅರ್ಧ ಗುಂಟೆ ಅಂಗಳ, ಅಷ್ಟೆ.

ಬಾರಾಮತಿ ಎಂದರೆ ಹೊರಗಿನವರ ಕಣ್ಣಿಗೆ ಬರೀ ಕಬ್ಬಿನ ಹಸಿರು. ಆ ಹಸಿರು ಬ್ರಿಟಿಷರ ಕಾಲದ ನೀರಾ ಎಡದಂಡೆ ಕಾಲುವೆ ಹರಿಯುವ ಕಡೆ ಮಾತ್ರ. ತಾಲೂಕಿನ ಉತ್ತರ ಭಾಗ ಜಿರಾಯತ್, ಮಳೆರಾಯ ಮನಸ್ಸು ಮಾಡಿದರೆ ಉಂಟು. ಕಾಕಾ ಅಂಗಳದಲ್ಲೂ ಇದೇ ಹಂಚಿಕೆ. ಬಚ್ಚಲ ನೀರು ಹರಿಯುವ ಕಡೆ ಬಾಗಾಯತ್, ಮಿಕ್ಕದ್ದು ಜಿರಾಯತ್. ಬೀಗರು ಬೇಗ ಸ್ನಾನ ಮುಗಿಸಿ ಬಂದರೆ ಇವರಿಗೆ ಸಂಕಟ. “ಇನ್ನೆರಡು ಬಕೆಟ್ ಹಾಕ್ಕೋರಿ, ಬಾಳಿಗಿಡ ಬಾಡೇದ” ಎಂದು ತಿರುಗಿ ಒಳಗೆ ಕಳಿಸುತ್ತಾರೆ. ಹೆಚ್ಚಾದ ನೀರು ಕರ್ಹಾ ನದಿಗೆ ಸೇರಿ, ಅಲ್ಲಿಂದ ನೀರಾ, ನೀರಾದಿಂದ ಭೀಮಾ ಸೇರಿ ತಮ್ಮ ಇಂಡಿಯ ದಂಡೆಗೇ ಹೋಗುತ್ತದೆಂಬ ಸಮಾಧಾನ ಬೇರೆ.

ವರ್ಷದ ಹನ್ನೊಂದು ತಿಂಗಳು ಕಾಕಾ ಸಭ್ಯ ಮನುಷ್ಯರೇ. ಶಿವರಾತ್ರಿಯಿಂದ ಯುಗಾದಿಯವರೆಗೆ ಮಾತ್ರ ಅವರನ್ನು ಹಿಡಿಯುವವರಿಲ್ಲ. ಮಾವು ಹೂ ಹಿಡಿಯುತ್ತದೆ, ನುಗ್ಗೆ ಗೊಂಚಲು ಬಿಡುತ್ತದೆ, ಚಿಟ್ಟುಕುಟುರ ಬೆಳಿಗ್ಗೆಯಿಂದಲೇ ಟುಕ್ ಟುಕ್ ಎಂದು ತಾಮ್ರ ಬಡಿಯತೊಡಗುತ್ತದೆ. ಹಾಲು ತರಲು ಹೊರಟವನ ಮೊಣಕೈ ಹಿಡಿದು “ಒಂದು ನಿಮಿಷ ಬರ್ರಿಲ್ಲಿ” ಎಂದರೆ ಮುಗಿಯಿತು, ಅಂದಿನ ಚಹಾ ಹನ್ನೊಂದಕ್ಕೆ. ಈ ಊರಲ್ಲಿ ಬಾಳಿದ ಮೋರೋಪಂತರು ನೂರೆಂಟು ರಾಮಾಯಣ ಬರೆದರಂತೆ. ನಮ್ಮ ಕಾಕಾ ನಿನ್ನೆ ಅರಳಿದ ದಾಸವಾಳದ ಕತೆಯನ್ನು ಅಷ್ಟೇ ಸಲ ಹೇಳಬಲ್ಲರು.

ಮುಂಬಾಗಿಲ ಗಂಟೆಯ ತಂತಿಗೆ ಸೂರಕ್ಕಿ ಗೂಡು ನೇತುಹಾಕಿದ ವರ್ಷ ಆ ಬಾಗಿಲೇ ಬಂದ್ ಆಯಿತು. ಹೆಣ್ಣುಹಕ್ಕಿಯೊಂದೇ ಜೇಡರ ಬಲೆ, ನಾರು, ತೊಗಟೆಚೂರು ತಂದು ಹೆಣೆಯುತ್ತಿತ್ತು. ನೇರಳೆ ಮಿಂಚಿನ ಗಂಡು ಪಕ್ಕದಲ್ಲಿ ಕೂತು ಹಾಡುತ್ತಿತ್ತು. (ನನ್ನ ಹೆಂಡತಿ ಇದನ್ನು ನೋಡಿ ನನ್ನ ಕಡೆ ತಿರುಗಿದ್ದು ನನಗೆ ಅಷ್ಟು ಸರಿ ಕಾಣಲಿಲ್ಲ.) ಮರಿ ಹಾರುವ ತನಕ ಪೋಸ್ಟಿನವನು, ಸಿಲಿಂಡರಿನವನು, ಕಾಕಾ ಅವರ ಸ್ವಂತ ಅಳಿಯ, ಎಲ್ಲರೂ ನಮ್ಮ ಹಿತ್ತಲಿಂದಲೇ ಓಡಾಡಿದರು.

ಇದನ್ನೆಲ್ಲ ಸಹಿಸಬಹುದು. ಕರಿಬೇವಿನ ಪ್ರಕರಣ ಮಾತ್ರ ಇವತ್ತಿಗೂ ನನಗೆ ಅರಗಿಲ್ಲ.

ವಿಜಯಪುರದಿಂದ ನೆಂಟರು ಬಂದಿದ್ದರು. ಒಲೆಯ ಮೇಲೆ ಉಪ್ಪಿಟ್ಟಿನ ಎಣ್ಣೆ ಕಾಯುತ್ತಿತ್ತು. ನಮ್ಮ ಕರಿಬೇವನ್ನು ಆಗಷ್ಟೇ ಸವರಿಸಿದ್ದೆವು. ಕಾಕಾ ಗಿಡ ಕಂಪೌಂಡಿನಾಚೆ ಎಳೆಚಿಗುರು ತುಂಬಿ ನಿಂತಿತ್ತು. ಹೆಂಡತಿ ಕೈ ಚಾಚಿದ್ದೇ ತಡ, “ತಂಗೆವ್ವಾ, ಹರೀಬ್ಯಾಡಾ!” ಎಂಬ ಕೂಗಿನ ಹಿಂದೆಯೇ ಕಾಕಾ ಭೂತಗನ್ನಡಿ ಹಿಡಿದು ಓಡಿಬಂದರು.

“ಈ ಎಲಿ ಮ್ಯಾಲ ತತ್ತಿ ಅದ. ಇದರ ಮ್ಯಾಲ ಹುಳ ಅದ. ನಿಂಬಿ ಚಿಟ್ಟೀದು.”

“ಕಾಕಾ, ಅದು ಹಕ್ಕಿ ಹಿಕ್ಕಿ ಅಲ್ರೀ?” ಎಂದೆ ನಾನು.

“ಹಂಗ ಕಾಣ್ಲಿ ಅಂತನ ಅದು ಹಂಗೈತಿ! ಹಿಕ್ಕಿ ಅಂತ ತಿಳದು ಹಕ್ಕಿ ಮುಟ್ಟಂಗಿಲ್ಲ.”

ಪಾಠ ಶುರುವಾಯಿತು. ಮರಿಹುಳ ದೊಡ್ಡದಾದ ಮೇಲೆ ಎಲೆಯಂತೆ ಹಸಿರಾಗುತ್ತದೆ; ಕೆಣಕಿದರೆ ತಲೆಯ ಹಿಂದಿನಿಂದ ಕೋಡಿನಂಥದ್ದನ್ನು ಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಅದನ್ನು ತೋರಿಸಲು ಕಡ್ಡಿಯಿಂದ ಒಂದನ್ನು ಮುಟ್ಟಿದರು ಕೂಡ. ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದಲೂ ವಾಸನೆ ಬಂತು, ಸಾಸಿವೆ ಸೀದದ್ದು. ಒಂದೊಂದೇ ಎಸಳನ್ನು ಭೂತಗನ್ನಡಿಯಲ್ಲಿ ಪಾಸು ಮಾಡಿ ಕೊನೆಗೆ ಕೊಟ್ಟದ್ದು ಮೂರು ಎಸಳು. ನೆಂಟರು ಕಪ್ಪು ಒಗ್ಗರಣೆಯ ಉಪ್ಪಿಟ್ಟು ತಿಂದು, ಬಾರಾಮತಿ ನೀರಿನ ಗುಣ ಇರಬೇಕು ಎಂದರು.

ಒಂದು ವಾರ ಕಳೆದಿರಬೇಕು. ಸಂಜೆ ಕಾಕಾ ಗೋಡೆಯ ಮೇಲೆ ತಲೆ ಇಟ್ಟರು. ದನಿ ಬೆಣ್ಣೆಯಾಗಿತ್ತು.

“ತಮ್ಮಾ, ನಿಮ್ಮ ಕರಿಬೇವು ಚಿಗತೇತೇನು? ಔಷಧ ಹೊಡದಿಲ್ಲಲಾ?”

ಹುಳಗಳು ಅವರ ಗಿಡ ಬೋಳಿಸಿಬಿಟ್ಟಿದ್ದವು. ಇಂಥ ಗಳಿಗೆ ಜನ್ಮಕ್ಕೊಮ್ಮೆ ಬರುತ್ತದೆ. ನಾನು ಅವರ ಭೂತಗನ್ನಡಿಯನ್ನೇ ಇಸಿದುಕೊಂಡು ಗಂಭೀರವಾಗಿ ನಮ್ಮ ಗಿಡದ ಮೊದಲ ಎಸಳು ಪರೀಕ್ಷಿಸತೊಡಗಿದೆ. ಹಿಂದಿನಿಂದ ಹೆಂಡತಿ, “ಅವು ಹಸದಾವು, ನಿಮ್ಮದೇನು ನಾಟಕ” ಎಂದು ಇಡೀ ಟೊಂಗೆ ಮುರಿದು ಗೋಡೆಯಾಚೆ ಕೊಟ್ಟಳು. ಆ ರಾತ್ರಿ ನಮ್ಮ ಸಾರಿಗೂ ಕರಿಬೇವಿಲ್ಲ.

ಆಮೇಲೆ ಒಂದು ರಾತ್ರಿ, ಸೊಂಟಕ್ಕೆ ನೂಲಿನ ಪಟ್ಟಿ ಕಟ್ಟಿಕೊಂಡು ಕಡ್ಡಿಗೆ ಆತುಕೊಂಡಿದ್ದ ಕೋಶವನ್ನು ಬ್ಯಾಟರಿ ಬಿಟ್ಟು ನೋಡುತ್ತ ನಿಂತವನು ನಾನೇ. ಬೆಳಿಗ್ಗೆ ಅದು ಒಡೆದು, ಚಿಟ್ಟೆ ಮುದುಡಿದ ರೆಕ್ಕೆ ಒಣಗಿಸಿಕೊಳ್ಳುವ ತನಕ ಕದಲಲಿಲ್ಲ. ಆಫೀಸಿಗೆ ಫೋನ್ ಮಾಡಿ ನಲ್ಲಿ ಕೆಟ್ಟಿದೆ ಎಂದೆ.

ಈಚೆಗೆ ಕಾಕಾ ಮೇಲಿನ ಸಿಟ್ಟು ಪೂರ್ತಿ ಏರುವುದಿಲ್ಲ. ಅವರ ಹೆಂಡತಿ ಕಾಕೂ ಇದ್ದಾಗ ಇದೇ ಅಂಗಳದಲ್ಲಿ ಮೆಂತೆ, ಕೊತ್ತಂಬರಿ ಬೆಳೆಯುತ್ತಿತ್ತು. ಕೇಳಿದವರ ಸೆರಗು ತುಂಬುತ್ತಿತ್ತು. ಅವರು ಹೋದ ಮೇಲೆ ಉಣ್ಣುವವರು ಬದಲಾದರು, ಉಣಿಸುವುದು ನಿಲ್ಲಲಿಲ್ಲ. ಮಗಳು ಪುಣೆಯ ಫ್ಲ್ಯಾಟಿಗೆ ಕರೆಯುತ್ತಾಳೆ. ಹನ್ನೊಂದನೇ ಮಹಡಿಗೆ ಚಿಟ್ಟೆ ಬರುತ್ತದೆಯೇ ಎಂದು ಇವರು ಕೇಳುತ್ತಾರೆ. ಭಿಗವಣದ ಹಿನ್ನೀರಿಗೆ ರಾಜಹಂಸ ಬಂದಿವೆ, ಅರ್ಧ ಮುಕ್ಕಾಲು ತಾಸಿನ ಹಾದಿ, ಹೋಗೋಣ ಎಂದೆ. ಸುಪೆಯ ಮಯೂರೇಶ್ವರ ಅಭಯಾರಣ್ಯದ ಚಿಂಕಾರ ತೋರಿಸುತ್ತೇನೆ ಎಂದೆ. “ಅವಕ್ಕೇನು ನಾ ಬೇಕಾಗಿಲ್ಲ ತಮ್ಮಾ” ಎಂದು ಬಕೆಟ್ ಎತ್ತಿಕೊಂಡರು.

ಯುಗಾದಿಗೆ ಬೇವಿನ ಹೂ ಕೇಳಿದಾಗ ಮಾತ್ರ ಹಳೆಯ ಕಾಕಾ ಮತ್ತೆ ಎದ್ದು ಬಂದರು. ಉದುರಿದ್ದನ್ನು ಆರಿಸಿಕೊಳ್ಳಲು ಅಪ್ಪಣೆಯಾಯಿತು. ಟೊಂಗೆ ಮುಟ್ಟುವಂತಿಲ್ಲ, ಜೇನು ಕೂತಿವೆ.

ನೀವು ಫೆಬ್ರವರಿ, ಮಾರ್ಚಿನಲ್ಲಿ ಈ ಕಡೆ ಬಂದರೆ ಕಾಕಾ ಮನೆಗೆ ಖಂಡಿತ ಬನ್ನಿ. ಊಟ ಮುಗಿಸಿಕೊಂಡು, ಹಿತ್ತಲ ಬಾಗಿಲಿಂದ ಬನ್ನಿ. ಸ್ನಾನ ಮಾತ್ರ ಇಲ್ಲೇ ಮಾಡಿದರೆ ಬಾಳೆಗೆ ಉಪಕಾರ. ಕೈಯಲ್ಲಿ ಪೇಢೆ ಬೇಡ. ಔಷಧ ಹೊಡೆಯದ ಒಂದು ಟೊಂಗೆ ಕರಿಬೇವು ತನ್ನಿ, ಸಾಧ್ಯವಾದರೆ ಎರಡು ತನ್ನಿ. ಒಂದು ನಮಗೆ.