ಭಾವಿ ಕಾರ್ಪೊರೇಟರ್ ಅಣ್ಣ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬ ಅಣ್ಣ ಕೈಮುಗಿದುಕೊಂಡು ನಿಂತಿರುತ್ತಾರೆ, ಫ್ಲೆಕ್ಸಿನಲ್ಲಿ. ಗರಿಗರಿ ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ, ಮಣಿಕಟ್ಟಿನಲ್ಲಿ ದಪ್ಪ ಚಿನ್ನದ ಕಡಗ. ತಲೆಯ ಮೇಲೆ ಪಕ್ಷದ ಹಿರಿಯರ ಸಾಲು, ಕಾಲ ಬಳಿ ಸ್ಟಾಂಪಿನ ಗಾತ್ರದಲ್ಲಿ ಹಿಂಬಾಲಕ ಹುಡುಗರ ಮುಖಗಳು. ಹೆಸರಿನ ಕೆಳಗೆ ‘ಸಮಾಜ ಸೇವಕರು, ಕೊಡುಗೈ ದಾನಿಗಳು, ಪ್ರಬಲ ಆಕಾಂಕ್ಷಿ’ ಎಂಬ ಮೂರು ಬಿರುದು. 2018ರಲ್ಲಿ ಹೈಕೋರ್ಟ್ ಫ್ಲೆಕ್ಸುಗಳ ಮೇಲೆ ಚಾಟಿ ಬೀಸಿದಾಗ ಅವರು ಸ್ವಲ್ಪ ಕಾಲ ಕಂಬದಿಂದ ಇಳಿದಿದ್ದರು. ಹಬ್ಬಗಳು ಬಂದವು, ಮತ್ತೆ ಹತ್ತಿದರು. ಇವರನ್ನು ಕಂಡು ನಗುವುದು ಸುಲಭ, ನಗಲೂಬೇಕು. ಆದರೆ ನಗರದ ಬಗ್ಗೆ ಅಣ್ಣನಿಗಿರುವ ಆದ್ಯತೆಗಳ ಪಟ್ಟಿ ಅವಿವೇಕದಿಂದ ಹುಟ್ಟಿದ್ದಲ್ಲ. ಸರ್ಕಾರ, ಕಾನೂನು ಮತ್ತು ಮತದಾರ ಮೂವರೂ ಕೂತು ಬರೆದುಕೊಟ್ಟ ಪಟ್ಟಿ ಅದು ಎಂಬುದು ನನ್ನ ವಾದ.

ಆದ್ಯತೆ ಏನೆಂದು ಕೇಳಿದರೆ ಅಣ್ಣ ‘ಸರ್ವತೋಮುಖ ಅಭಿವೃದ್ಧಿ’ ಎನ್ನುತ್ತಾರೆ. ಬಿಡಿಸಿ ನೋಡಿದರೆ ಅದರಲ್ಲಿ ಹೆಂಗಸರನ್ನು ಓಂ ಶಕ್ತಿಗೆ ಕರೆದೊಯ್ಯುವ ಬಸ್ಸು, ಅಣ್ಣಮ್ಮನ ಉತ್ಸವಕ್ಕೆ ಅನ್ನದಾನ, ಗಣೇಶನ ಮುಂದೆ ಆರ್ಕೆಸ್ಟ್ರಾ, ಉಚಿತ ಕಣ್ಣು ತಪಾಸಣೆ, ಬಡಾವಣೆಯ ಬಾಯಿಗೊಂದು ಕಮಾನು ಸಿಗುತ್ತವೆ. ಕುಡಿಯುವ ನೀರು? ‘ಅದು ಜಲಮಂಡಳಿ ಸಾರ್.’ ಬಸ್ಸು? ‘ಬಿಎಂಟಿಸಿ ಸಾರ್.’ ಕರೆಂಟು ಬೆಸ್ಕಾಂ, ಟ್ರಾಫಿಕ್ಕು ಪೊಲೀಸು, ಬಡಾವಣೆ ಯೋಜನೆ ಬಿಡಿಎ. ಸೋಮಾರಿಯ ಉತ್ತರದಂತೆ ಕೇಳಿಸಿದರೂ ಇದರಲ್ಲಿ ಒಂದೂ ಸುಳ್ಳಿಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಜೊತೆ ಬಂದ ಹನ್ನೆರಡನೇ ಅನುಸೂಚಿ ನಗರ ಯೋಜನೆ, ನೀರು ಸರಬರಾಜು ಮೊದಲಾಗಿ 18 ವಿಷಯಗಳನ್ನು ನಗರಾಡಳಿತಕ್ಕೆ ಒಪ್ಪಿಸಬಹುದು ಎನ್ನುತ್ತದೆ. ‘ಒಪ್ಪಿಸಬಹುದು’ ಎಂದಿದ್ದನ್ನು ರಾಜ್ಯ ಸರ್ಕಾರಗಳು ಚೆನ್ನಾಗಿಯೇ ಓದಿಕೊಂಡವು. 1964ರ ಕಾಯ್ದೆಯಿಂದ ಹುಟ್ಟಿದ ಜಲಮಂಡಳಿಯೂ 1976ರ ಬಿಡಿಎಯೂ ಇಂದಿಗೂ ವಿಧಾನಸೌಧದ ಕಡೆಗೇ ಮುಖ ಮಾಡಿ ನಿಂತಿವೆ. 2025ರಲ್ಲಿ ಪಾಲಿಕೆ ಐದಾಯಿತು. ಅವುಗಳ ಮೇಲೆ ಕೂತ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ನಲ್ಲಿ ತಿರುಗಿಸುವ ಅಧಿಕಾರವಿಲ್ಲದವರು ಅರವಟ್ಟಿಗೆ ಇಡದೆ ಇನ್ನೇನು ಮಾಡಿಯಾರು?

ಸಾಲದ್ದಕ್ಕೆ ಅಣ್ಣನಿಗೆ ತಮ್ಮ ವಾರ್ಡು ಯಾವುದೆಂಬುದೇ ಖಾತ್ರಿಯಿಲ್ಲ. ಹಿಂದಿನ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, 198 ವಾರ್ಡುಗಳಿಗೆ. 2020ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಅವಧಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಬೆಂಗಳೂರು ಮಾತ್ರ ಆಡಳಿತಾಧಿಕಾರಿಗಳ ಕೈಯಲ್ಲಿ ಇನ್ನೊಂದು ಐದು ವರ್ಷ ಕಳೆಯಿತು. ಅಷ್ಟರಲ್ಲಿ ವಾರ್ಡುಗಳು 2022ರಲ್ಲಿ 243, 2023ರಲ್ಲಿ 225, 2025ರಲ್ಲಿ ಐದು ಪಾಲಿಕೆ ಸೇರಿ 369 ಆದವು. ಗಡಿ ಸರಿದಾಗಲೆಲ್ಲ ಅನ್ನದಾನ ಮಾಡಿದ ಬೀದಿ ಪಕ್ಕದ ವಾರ್ಡಿಗೆ ಹೋಗಿ, ಉಂಡವರ ಮತ ಎದುರಾಳಿಯ ಪಾಲಾಗುತ್ತದೆ. ಸೀಟು ಮಹಿಳಾ ಮೀಸಲಾದರಂತೂ ರಾತ್ರೋರಾತ್ರಿ ಫ್ಲೆಕ್ಸಿನ ನಡುವೆ ಅತ್ತಿಗೆಯವರು ಬಂದು ನಿಲ್ಲುತ್ತಾರೆ. ಅಣ್ಣನ ಫೋಟೋ ಮಾತ್ರ ಅವರಿಗಿಂತ ಒಂದಿಂಚು ದೊಡ್ಡದು. ಇಂಥ ಅನಿಶ್ಚಿತತೆಯಲ್ಲಿ ಹತ್ತು ವರ್ಷದ ಕಸ ನಿರ್ವಹಣೆ ಯೋಜನೆ ಹಾಕುವವನನ್ನು ಹುಚ್ಚ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಬಿಚ್ಚಬಹುದಾದ ಶಾಮಿಯಾನಕ್ಕೆ ದುಡ್ಡು ಹಾಕುವವರೇ ಜಾಣರು.

‘ಪಾಲಿಕೆಯ ಕೈಯಲ್ಲೇ ಇರುವ ಕೆಲಸ ಕಡಿಮೆಯೇ? ಮೋರಿ, ಬೀದಿದೀಪ, ಪಾರ್ಕು, ಫುಟ್‌ಪಾತು, ಒಳರಸ್ತೆಗಳಿಗೆ ಯಾರ ಅಪ್ಪಣೆ ಬೇಕು?’ ಎಂದು ಯಾರಾದರೂ ಕೇಳಿದರೆ ಒಪ್ಪಲೇಬೇಕು. ಅಣ್ಣ ನಿಜವಾಗಿ ತಪ್ಪಿತಸ್ಥರಾಗುವುದು ಇಲ್ಲಿಯೇ. ಮಳೆಗಾಲಕ್ಕೆ ಮೊದಲು ಮೋರಿಯ ಹೂಳೆತ್ತಿಸಿದರೆ ಆಗುವ ಲಾಭ ಒಂದೇ, ಮನೆಗೆ ನೀರು ನುಗ್ಗುವುದಿಲ್ಲ. ನುಗ್ಗದ ನೀರಿಗೆ ಫೋಟೋ ಇಲ್ಲ. ನುಗ್ಗಿದ ನೀರಿನಲ್ಲಿ ಪ್ಯಾಂಟು ಮಡಚಿಕೊಂಡು ನಿಂತು ಹಾಲು, ಬ್ರೆಡ್ಡು ಹಂಚಿದರೆ ಫೋಟೋ ಇದೆ, ವಿಡಿಯೋ ಇದೆ, ಕೃತಜ್ಞತೆಯೂ ಇದೆ. ಆದ್ದರಿಂದ ಅವರು ಗುದ್ದಲಿ ಪೂಜೆಯ ಗುದ್ದಲಿ ಹಿಡಿಯುತ್ತಾರೆ, ಹೂಳೆತ್ತುವ ಗುದ್ದಲಿಯನ್ನು ಗುತ್ತಿಗೆದಾರನಿಗೆ ಬಿಡುತ್ತಾರೆ. ಆ ಕೃತಜ್ಞತೆ ಸಲ್ಲಿಸುವವರು ಮಾತ್ರ ನಾವೇ.

‘ಹಾಗಾದರೆ ಕಾರ್ಪೊರೇಟರೇ ಬೇಡ, ಅಧಿಕಾರಿಗಳು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾರೆ’ ಎನ್ನುವ ಸುಶಿಕ್ಷಿತರೂ ಇದ್ದಾರೆ. ಅವರ ಆಸೆ 2020ರಿಂದ ಪೂರ್ತಿಯಾಗಿ ಈಡೇರಿತು. ಅಷ್ಟು ವರ್ಷ ರಸ್ತೆಗುಂಡಿಗೆ ಅಡ್ಡ ಬರುವ ಕಾರ್ಪೊರೇಟರ್ ಒಬ್ಬರೂ ಇರಲಿಲ್ಲ. ಆದರೂ ಗುಂಡಿಗಳು ಮುಚ್ಚಿಕೊಳ್ಳಲಿಲ್ಲ. ಎಂಜಿನಿಯರಿಗೆ ವರ್ಗವಾಗುತ್ತದೆ, ಅಣ್ಣನಿಗೆ ಆಗುವುದಿಲ್ಲ. ಬೈಯಬೇಕೆಂದರೆ ಬೆಳಿಗ್ಗೆ ಟೀ ಅಂಗಡಿಯ ಮುಂದೆ ಕೈಗೆ ಸಿಗುವ ಏಕೈಕ ಸರ್ಕಾರ ಅವರೇ. ಸಿಕ್ಕಾಗ ‘ನಮಗೇನು ಮಾಡಿದಿರಿ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರವಾಗಿಯೇ ಕುಕ್ಕರು ಬರುವುದು. ವಾರ್ಡ್ ಸಮಿತಿಯ ಸಭೆ ಯಾವಾಗ, ವಾರ್ಡಿಗೆ ಬಂದ ಅನುದಾನ ಎಷ್ಟು, ಯಾವ ಮೋರಿಗೆ ಎಷ್ಟು ಹೋಯಿತು ಎಂದು ಕೇಳಿ. ನಾಲ್ಕು ಮನೆಯವರು ಒಂದೇ ವಾರದಲ್ಲಿ ಇದನ್ನೇ ಕೇಳಿದರೆ ಅಣ್ಣನ ಆದ್ಯತೆ ಬದಲಾಗುತ್ತದೆ. ಏಕೆಂದರೆ ಅವರಿಗೆ ಸಿದ್ಧಾಂತ ಏನೂ ಇಲ್ಲ. ಸದ್ಯಕ್ಕೆ ಅದೇ ನಮಗಿರುವ ದೊಡ್ಡ ಭರವಸೆ.